ಕ್ಯಾರವಾನ್ ನೋಡಲು ಬಂದ ಹುಡುಗಿ

"ಇದನ್ನ ಇನ್ನೂ ಎಷ್ಟು ವರ್ಷ ಇಲ್ಲೇ ಇಟ್ಕೋಬಹುದು?" ಎಂದು ಸುಮಂಗಲಾ ಮಾರಲಿಟ್ಟಿದ್ದ ಕ್ಯಾರವಾನ್ ಎಂಬ ಗಾಲಿಮನೆಯನ್ನು ಕೊಳ್ಳಲು ಬಂದಿದ್ದ ಬಸುರಿ ಹುಡುಗಿ ಕೇಳಿದಳು. ಲಂಡನ್ನಿನ ಗ್ರೀನ್‌ಫರ್ಡ್‌ನ ಗೋದಾಮೊಂದರಲ್ಲಿ ಅವಳಿಗೆ ಕೆಲಸ. ಸುಮಂಗಲಾ, ಇಂಥ ಮನೆಗಳಿಗೆ ಜಾಗ ಬಾಡಿಗೆಗೆ ಕೊಡುವ ಆ ಪಾರ್ಕಿನ ಮಾಲೀಕನ ಮುಖ ನೋಡಿದಳು.

ಬರುವ ವರ್ಷದ ಕೊನೆಗೆ ಈ ಹಳೆಯ ಕ್ಯಾರವಾನನ್ನು ಜಾಗದಿಂದ ಎತ್ತಿಸಲೇಬೇಕೆಂದು ಸುಮಂಗಲಾಳಿಗೆ ಪತ್ರ ಬರೆದವನು ಅವನೇ. ಮಾರಿದರೆ ಅವನಿಗೆ ಕಮಿಷನ್, ಮಾರದಿದ್ದರೆ ತಿಂಗಳು ತಿಂಗಳೂ ಅವಳು ಕಟ್ಟುವ ಜಾಗದ ಬಾಡಿಗೆ. ಪಾರ್ಶ್ವವಾಯು ಬಡಿದ ಗಂಡನನ್ನು ನರ್ಸಿಂಗ್ ಹೋಮಿನಲ್ಲಿ ಇನ್ನಷ್ಟು ತಿಂಗಳು ಉಳಿಸಿಕೊಳ್ಳಲು ಅವಳ ಬಳಿ ಮಾರುವುದಕ್ಕೆ ಬೇರೇನೂ ಇರಲಿಲ್ಲ.

"ಮೇಡಂ ಅವರನ್ನೇ ಕೇಳಿ, ಇಷ್ಟು ವರ್ಷ ಇದ್ದವರು ಅವರು," ಎಂದು ಮಾಲೀಕ ನಕ್ಕ.

ಹುಡುಗಿ ನಂಬಿಕೆಯಿಂದ ಸುಮಂಗಲಾಳತ್ತ ತಿರುಗಿದಳು.

"ತುಂಬಾ ವರ್ಷ. ನಿನ್ನ ಮಗು ಇಲ್ಲೇ ಆಡ್ಕೊಂಡು ಬೆಳೆಯುತ್ತೆ," ಎಂದಳು ಸುಮಂಗಲಾ, ಅವಳ ಹೊಟ್ಟೆಯ ಕಡೆ ನೋಡದೆ.