ಸದ್ದಿಲ್ಲದ ಮಿಯಾಂವ್

ಕನ್ನಮ್ಮನ ಕಾಲಿನ ಮೇಲೆ ಮತ್ತೆ ಉಗುರಿನ ಗೀರು ಎದ್ದಿತ್ತು. ಸೊಸೆ ಸೌಜನ್ಯಾ ಹತ್ತಿಯಲ್ಲಿ ರಕ್ತ ಒರೆಸಿ, ಔಷಧಿ ಹಚ್ಚಿ ಎದ್ದವಳೇ ಗಂಡನ ಕಡೆ ತಿರುಗಿದಳು.

“ಸಕ್ಕರೆ ಕಾಯಿಲೆ ಕಾಲು ಇದು. ಹೋದ ಸಲದ ಗಾಯ ಮಾಯೋದಕ್ಕೆ ಎಷ್ಟು ಕಷ್ಟ ಆಯ್ತು, ನೋಡಿದ್ರಲ್ಲ. ಇನ್ನು ಈ ಬೆಕ್ಕು ಮನೇಲಿ ಬೇಡ.”

“ಮಧ್ಯಾಹ್ನದ ಹುಂಚದ ಬಸ್ಸಿಗೆ ಹೋಗಿ ನಿನ್ನಣ್ಣನ ಮನೇಲಿ ಬಿಟ್ಟು ಬರ್ತೀನಿ,” ಎಂದ ಪೂರ್ಣೇಶ್. ತೀರ್ಥಹಳ್ಳಿ ಪೇಟೆಯಲ್ಲಿದ್ದ ಅವನ ಅಂಗಡಿಗೆ ಅವತ್ತು ರಜೆ. ಬೆಕ್ಕನ್ನು ಒಯ್ಯಲು ರಟ್ಟಿನ ಡಬ್ಬ ಹುಡುಕುತ್ತ ಅಟ್ಟ ಹತ್ತಿದ.

ಇಷ್ಟೂ ಮಾತು ನಡೆದದ್ದು ಕನ್ನಮ್ಮನ ಬೆನ್ನ ಹಿಂದೆಯೇ. ಅವರು ಕುರ್ಚಿಯಲ್ಲಿ ಕೂತು ಹರಿವೆ ಸೊಪ್ಪು ಬಿಡಿಸುತ್ತಿದ್ದರು. ಜ್ವರ ಬಂದು ಎರಡೂ ಕಿವಿ ಪೂರಾ ಹೋದ ಮೇಲೆ ಮನೆಯವರು ಅವರನ್ನು ಏನನ್ನೂ ಕೇಳುವುದನ್ನು ಬಿಟ್ಟಿದ್ದರು. ಈ ಬೆಕ್ಕು ಚುಕ್ಕಿ ಮರಿಯಾಗಿ ಮನೆಗೆ ಬಂದದ್ದು ಅದಾದ ನಂತರ.

ಸೌಜನ್ಯಾ ಅಡುಗೆಮನೆಗೆ ಹೋದಳು. ಹಿಂದೆಯೇ ಚುಕ್ಕಿ ಬಂದು, ಬಾಲವೆತ್ತಿ, ಸೂರು ಹಾರಿಹೋಗುವ ಹಾಗೆ ಕೂಗಿತು. ಅದಕ್ಕೆ ಹಾಲು ಬೇಕಿತ್ತು. ಸೌಜನ್ಯಾ ತಿರುಗಿಯೂ ನೋಡಲಿಲ್ಲ. ಬೆಕ್ಕು ನೇರ ಕನ್ನಮ್ಮನ ಹತ್ತಿರ ನಡೆಯಿತು. ಇನ್ನೊಂದು ಗೀರು ಬಿದ್ದೀತೆಂದು ಸೌಜನ್ಯಾ ಹಿಂದೆಯೇ ಹೋದಳು.

ಚುಕ್ಕಿ ಕುರ್ಚಿಯನ್ನು ಬಳಸಿ ಕನ್ನಮ್ಮನ ಎದುರಿಗೆ ಬಂದು ಕೂತಿತು. ಅವರ ಮುಖ ನೋಡುತ್ತ ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಮತ್ತೆ ತೆರೆಯಿತು, ಹಲ್ಲು ನಾಲಗೆ ಎಲ್ಲ ಕಾಣುವಷ್ಟು ಅಗಲಕ್ಕೆ. ಆಗಲೂ ದನಿಯಿಲ್ಲ. ಕನ್ನಮ್ಮನ ಕಣ್ಣು ಸೊಪ್ಪಿನ ಮೇಲಿತ್ತು. ಬೆಕ್ಕು ಸ್ವಲ್ಪ ಹೊತ್ತು ಕಾದು ನೋಡಿತು. ಆಮೇಲೆ ಉಗುರು ಒಳಗೆಳೆದುಕೊಂಡು ಪಂಜವನ್ನು ಮೆಲ್ಲಗೆ ಅವರ ಕಾಲಿನ ಮೇಲಿಟ್ಟಿತು. ಜೋಮು ಹಿಡಿದ ಆ ಕಾಲಿಗೆ ಅದು ತಿಳಿಯಲಿಲ್ಲ. ಮತ್ತೊಮ್ಮೆ ಇಟ್ಟಿತು. ಮುಂದಿನ ಸಲಕ್ಕೆ ಉಗುರು ಹೊರಬಂತು.

ಸೌಜನ್ಯಾ ಓಡಿಹೋಗಿ ಎತ್ತಿಕೊಂಡಳು. ಚುಕ್ಕಿ ಅವಳತ್ತ ಕತ್ತು ಹೊರಳಿಸಿ ಗಟ್ಟಿಯಾಗಿ ಮಿಯಾಂವ್ ಎಂದಿತು.

ಅವಳು ಅಟ್ಟದ ಕಡೆ ತಲೆಯೆತ್ತಿ ಗಂಡನನ್ನು ಕರೆದಳು. “ರೀ, ಕೆಳಗೆ ಬನ್ನಿ. ಮಾತಾಡ್ಬೇಡಿ, ಸುಮ್ನೆ ನೋಡಿ.”

ಕೆಳಗಿಳಿಸಿದ ಬೆಕ್ಕು ಪೂರ್ಣೇಶನನ್ನು ನೋಡಿ ಕೂಗಿತು. ಕನ್ನಮ್ಮನ ಎದುರಿಗೆ ಹೋದದ್ದೇ ಬರೀ ಬಾಯಿ ತೆರೆಯಿತು. ಪೂರ್ಣೇಶ್ ಡಬ್ಬ ಹಿಡಿದುಕೊಂಡು ಹಾಗೇ ನಿಂತುಬಿಟ್ಟ.

“ಅಮ್ಮಂಗೆ ಕಿವಿ ಕೇಳಲ್ಲ ಅಂತ ಇದಕ್ಕೆ ಯಾರು ಹೇಳಿದ್ರು ಮಾರಾಯ್ತಿ?”

“ಯಾರೂ ಹೇಳಿಲ್ಲ. ಕೂಗಿ ಕೂಗಿ ನೋಡಿರ್ಬೇಕು. ಕೇಳಲ್ಲ ಅಂತ ಗೊತ್ತಾದ್ಮೇಲೆ, ನಾವು ಮಾತು ಬಿಟ್ಟಂಗೆ ಅದು ಕರೆಯೋದು ಬಿಡ್ಲಿಲ್ಲ.”

ಪೂರ್ಣೇಶ್ ಡಬ್ಬವನ್ನು ಮೂಲೆಗೆ ಸರಿಸಿದ. ಸೌಜನ್ಯಾ ಅತ್ತೆಯ ಎದುರು ನೆಲದಲ್ಲಿ ಕೂತು, ತುಟಿ ಕಾಣುವಂತೆ ನಿಧಾನಕ್ಕೆ ಹೇಳಿದಳು.

“ಅತ್ತೆ, ಚುಕ್ಕಿ ಪರಚೋದಲ್ಲ, ನಿಮ್ಮನ್ನ ಕರೆಯೋದು. ಅದರ ಉಗುರು ಕತ್ತರಿಸ್ತೀನಿ. ಬಂದಾಗ ತೊಡೆ ಮೇಲೆ ಹತ್ತಿಸ್ಕೊಳ್ಳಿ, ಕೈ ಮುಟ್ಟೋದು ಕಲಿಸೋಣ. ನಮ್ಮ ಹತ್ರ ಜೋರು ಕೂಗುತ್ತೆ ಇದು. ನಿಮ್ಮ ಹತ್ರ ಮಾತ್ರ ಕೂಗಲ್ಲ.”

ಕನ್ನಮ್ಮ ಅವಳ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ಬೆಕ್ಕಿನ ಕಡೆ ತಿರುಗಿದರು.

“ಹೌದಾ? ಹೆಂಗಿದೆ ಇದರ ದನಿ?”

ಸೌಜನ್ಯಾ ಚುಕ್ಕಿಯನ್ನು ಎತ್ತಿ ಅತ್ತೆಯ ತೊಡೆಯ ಮೇಲಿಟ್ಟಳು. ಅದು ಗುರುಗುಟ್ಟತೊಡಗಿತು. ಅವಳು ಅತ್ತೆಯ ಅಂಗೈ ಹಿಡಿದು ಅದುರುತ್ತಿದ್ದ ಆ ಪುಟ್ಟ ಗಂಟಲಿಗೆ ಒತ್ತಿದಳು.

ಕನ್ನಮ್ಮ ನಕ್ಕರು.

“ರಾತ್ರಿ ಪಕ್ಕದಲ್ಲಿ ಮಲಗ್ದಾಗ ಇದನ್ನ ದಿನಾ ಕೇಳ್ತೀನಲ್ಲೇ.”