ಬಲಗಡೆಯ ಹೂ

ಹೂ ಬಲಕ್ಕೆ ಬಿದ್ದರೆ ದೇವರು ಒಪ್ಪಿದನೆಂದು ಅರ್ಥ. ಅಳುತ್ತ ಬಂದವರ ಸಂಕಟ ನೋಡಲಾರದೆ, ಮಂಗಳಾರತಿ ಎತ್ತುವಾಗ ಅರ್ಚಕರೇ ಆ ಹೂವನ್ನು ಕಿರುಬೆರಳಿನಿಂದ ಮೆಲ್ಲಗೆ ಬೀಳಿಸಿಬಿಡುತ್ತಿದ್ದರು. ಈಗ ಅವರ ಮಗಳೇ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದಳು.

"ಮನೆದೇವರ ಹತ್ರ ಹೂ ಕೇಳ್ರೀ," ಎಂದಳು ಹೆಂಡತಿ.

"ಹೂ ತಾನಾಗಿ ಬೀಳಲ್ಲ ಕಣೇ."

"ಆದ್ರೂ ಕೇಳಿ."

ದೇವರ ಎರಡೂ ಭುಜಕ್ಕೆ ಗಂಧ ಹಚ್ಚಿ ಹೂ ಅಂಟಿಸಿ, ಕಣ್ಣು ಮುಚ್ಚಿದರು. "ಮಗು ಉಳಿಯುತ್ತಾ, ತಂದೆ?"

ಕಣ್ಣು ಬಿಟ್ಟು ನೋಡಿದರೆ ಹೂ ಅಲುಗಿರಲಿಲ್ಲ. ನೆಲಕ್ಕೆ ಹಣೆ ಚಚ್ಚಿಕೊಂಡರು. "ಅವಳ ಬದಲು ನನ್ನನ್ನ ಕರ್ಕೋ."

"ಬಿತ್ತು ನೋಡಿ, ಮಗು ಉಳಿಯುತ್ತೆ," ಎಂದಳು ಹೆಂಡತಿ.

ತಲೆಯೆತ್ತಿದರು. ಹೂ ಬಲಕ್ಕೇ ಬಿದ್ದಿತ್ತು. ಅವಳ ಕಿರುಬೆರಳಿಗೆ ಹಸಿ ಗಂಧ ಮೆತ್ತಿತ್ತು.

ಅರ್ಚಕರು ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡರು.