ಭೀಮರಾಜುವಿನ ಏಟು

ಹಾರ ಹಿಡಿದುಕೊಂಡವರು ಮುಂಬಾಗಿಲಲ್ಲಿ ಜೈಕಾರ ಹಾಕುತ್ತಿದ್ದರೆ, ಹಾರ ಹಾಕಿಸಿಕೊಳ್ಳಬೇಕಾದವನು ಹಿತ್ತಲ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದ.

“ಎಲ್ಲಿಗೆ ಓಡ್ತೀರಿ? ಬನ್ರೀ ಈಚೆಗೆ!” ಪುಷ್ಪಲತಾ ಗಂಡನ ಎಡಗೈ ಹಿಡಿದು ಎಳೆದುಕೊಂಡು ಬಂದಳು. ಬಲಗೈ ಎಳೆಯುವಂತಿರಲಿಲ್ಲ. ಅದು ಪ್ಲಾಸ್ಟರ್ ಹಾಕಿಸಿಕೊಂಡು ಕೊರಳಿಗೆ ಜೋತುಬಿದ್ದಿತ್ತು.

ಆ ಕೈಯೇ ಈಗ ಊರಿನ ಹೆಮ್ಮೆ. ಶೆಟ್ಟಿಕೆರೆ ರಸ್ತೆಯಲ್ಲಿರುವ ನಂಜುಂಡಪ್ಪನವರ ತೆಂಗಿನ ತೋಟದಲ್ಲಿ ಕಾಯಿ ಕದಿಯಲು ಬಂದ ತಿಮ್ಮರಾಜು, ಮುಂಜಾನೆ ಗಸ್ತಿನಲ್ಲಿದ್ದ ಕಾನ್‌ಸ್ಟೆಬಲ್ ಭೀಮರಾಜುವಿಗೆ ಸಿಕ್ಕಿಬಿದ್ದಿದ್ದ. ಸುದ್ದಿ ತಿಳಿದು ನಂಜುಂಡಪ್ಪ ಓಡಿ ಬರುವಷ್ಟರಲ್ಲಿ ಕಳ್ಳನ ಕಾಲು ಮುರಿದಿತ್ತು, ಪೊಲೀಸಿನವನ ಕೈಯೂ ಮುರಿದಿತ್ತು. ಹೊಡೆದ ರಭಸಕ್ಕೆ ಹೊಡೆದವನ ಕೈಯೇ ಮುರಿಯಿತೆಂದರೆ ಆ ಏಟು ಎಂಥದಿರಬೇಡ! ಕಾಯಿ ಕಳ್ಳರ ಕಾಟಕ್ಕೆ ರೋಸಿಹೋಗಿದ್ದ ಊರು ಒಂದೇ ಬೆಳಗಿನಲ್ಲಿ ಅವನನ್ನು ಹುಲಿ ಮಾಡಿ ಕೂರಿಸಿತು.

ನಿಜ ಹೇಳಬೇಕೆಂದರೆ ಪುಷ್ಪಲತಾಗೂ ಒಳಗೊಳಗೇ ಖುಷಿ. ಇರುವೆ ಕಂಡರೂ ಪಕ್ಕಕ್ಕೆ ಕಾಲಿಡುವ ಗಂಡ ಅವಳದು. ಇಂಥವರು ಪೊಲೀಸಿಗೆ ಯಾಕೆ ಸೇರಿದರೋ ಎಂದು ಅವಳೇ ಹತ್ತಾರು ಸಲ ಹಂಗಿಸಿದ್ದಳು. ಈಗ ಸಂತೆಯಲ್ಲಿ ಅವಳಿಗೆ ಜನ ದಾರಿ ಬಿಡುತ್ತಿದ್ದರು, ಕೊತ್ತಂಬರಿ ಕೇಳದೆಯೇ ಚೀಲಕ್ಕೆ ಬೀಳುತ್ತಿತ್ತು. ಮುದ್ದೆ ಮುರಿದು ಗಂಡನ ಬಾಯಿಗಿಡುವಾಗಲೂ ಒಂದು ಗತ್ತು.

ಹಾರ ಹಾಕಿದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿ ಮೇಲಧಿಕಾರಿಗಳನ್ನು ತಲುಪಿದಾಗ ಗತ್ತು ಇಳಿಯಿತು. ಕಳ್ಳನ ಕಾಲು ಮುರಿಯಲು ಅಧಿಕಾರ ಕೊಟ್ಟವರು ಯಾರು? ವಿಚಾರಣೆಗೆ ಡಿವೈಎಸ್‌ಪಿ ಸುನಂದಾ ಬರುತ್ತಾರಂತೆ. ಹೊಡೆದದ್ದು ಸಾಬೀತಾದರೆ ಕೆಲಸ ಹೋಗುತ್ತದೆ, ಕೇಸೂ ಬೀಳುತ್ತದೆ.

“ಯಾಕ್ರೀ ಹಂಗೆ ಹೊಡೆದ್ರಿ?”

“ಹೊಡೆದಿಲ್ಲ ಕಣೇ.”

“ಮತ್ತೆ ಕೈ?”

ಭೀಮರಾಜು ಗೋಡೆ ನೋಡಿದ. “ಮಾತು ಕೊಟ್ಟಿದ್ದೀನಿ. ಕೇಳ್ಬೇಡ, ಬುಡು.”

ಯಾವ ಸಾಹೇಬರಿಗೆ ಏನು ಮಾತು ಕೊಟ್ಟನೋ! ಪುಷ್ಪಲತಾ ಸೀರೆ ಬದಲಿಸಿ ನಂಜುಂಡಪ್ಪನವರ ಮನೆಗೆ ಹೋದಳು.

“ಅಣ್ಣಾ, ನೀವು ಕಣ್ಣಾರೆ ನೋಡಿಲ್ಲ ತಾನೆ? ಹೊಡೆದಿದ್ದು ನೋಡಿಲ್ಲ ಅಂತ ಹೇಳ್ಬುಡಿ, ಸಾಕು.”

“ನಾನ್ಯಾಕವ್ವ ಹಂಗಂತೀನಿ?” ನಂಜುಂಡಪ್ಪನವರಿಗೆ ಬೇಸರವೇ ಆಯಿತು. “ಅಂಥಾ ಕೈ ನೋಡಿದ್ ಮ್ಯಾಲೆ ಏಟು ಬೇರೆ ನೋಡ್ಬೇಕಾ? ಆಯಪ್ಪನ ಹೆಸರು ಕೆಡಿಸೋ ಮಾತು ನನ್ನ ಬಾಯಲ್ಲಿ ಬರಾಕಿಲ್ಲ!”

ಪಕ್ಕದ ಮನೆ ರಂಗಮ್ಮನದೂ ಅದೇ ರಾಗ. ಮುಚ್ಚಿಡಲು ಒಪ್ಪುವವರೇ ಇಲ್ಲ. ಪ್ರೀತಿಯಿಂದಲೇ ಊರು ಅವಳ ಗಂಡನನ್ನು ಜೈಲಿಗೆ ಕಳಿಸಲು ಹೊರಟಿತ್ತು.

ವಿಚಾರಣೆಯ ದಿನ ಸ್ಟೇಷನ್ನಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುನಂದಾ ಒಬ್ಬೊಬ್ಬರನ್ನೇ ಕರೆದರು. ನಂಜುಂಡಪ್ಪ ಎದೆಯುಬ್ಬಿಸಿ ಹೇಳಿದರು: “ಹೊಡೆದವ್ರೆ ಮೇಡಂ. ಇನ್ನೂ ನಾಕು ಬಿಡ್ಬೇಕಿತ್ತು.” ರಂಗಮ್ಮ ಒಂದು ಹೆಜ್ಜೆ ಮುಂದೆ ಹೋದಳು: “ಆ ಏಟಿಗೆ ಪಕ್ಕದ ಮರದ ಗರಿ ಉದುರ್ತಂತೆ ಕಣವ್ವ!” ಜನ ಚಪ್ಪಾಳೆ ತಟ್ಟಿದರು. ಪುಷ್ಪಲತಾಗೆ ಅವರ ಬಾಯಿಗೆಲ್ಲ ಬಟ್ಟೆ ತುರುಕುವಷ್ಟು ಸಿಟ್ಟು ಬಂತು.

“ನೀವೇನಂತೀರಿ ಭೀಮರಾಜು?”

“ನಾನು ಹೊಡೆದಿಲ್ಲ ಮೇಡಂ.”

“ಕೈ ಹೇಗೆ ಮುರಿಯಿತು?”

ಭೀಮರಾಜು ಬಾಯಿ ಬಿಡಲಿಲ್ಲ. ಹುಲಿ ಸುಮ್ಮನಿದ್ದರೂ ಗತ್ತೇ ಎಂದು ಹಿಂದೆ ಯಾರೋ ಮೆಚ್ಚಿಕೊಂಡರು.

ಕೊನೆಗೆ ತಿಮ್ಮರಾಜುವನ್ನು ಇಬ್ಬರು ಹೊತ್ತು ತಂದು ಬೆಂಚಿನ ಮೇಲೆ ಕೂರಿಸಿದರು. ಅವನ ಕಾಲಿಗೆ ತೊಡೆಯವರೆಗೂ ಪ್ಲಾಸ್ಟರ್. ಹಗಲು ಊರವರ ತೋಟಗಳಲ್ಲೇ ಕೂಲಿಗೆ ಕಾಯಿ ಕೀಳುತ್ತಿದ್ದ ಆಳು ಅವನು. ಅವನಪ್ಪನೂ ಅದೇ ಕೆಲಸದವನು.

“ಹೇಳ್ಲಾ, ಹೆಂಗಿತ್ತು ಏಟು?” ನಂಜುಂಡಪ್ಪ ಕೂಗಿದರು.

ತಿಮ್ಮರಾಜು ತಲೆಯೆತ್ತಿ ಭೀಮರಾಜುವನ್ನು ನೋಡಿದ. ಭೀಮರಾಜು ನಿಧಾನವಾಗಿ ತಲೆಯಾಡಿಸಿದ, ಬೇಡ ಎನ್ನುವಂತೆ. ಪುಷ್ಪಲತಾ ಹಣೆ ಚಚ್ಚಿಕೊಂಡಳು. ಮೇಲಧಿಕಾರಿಯ ಎದುರಿಗೇ ಸಾಕ್ಷಿಯನ್ನು ಹೆದರಿಸುವಷ್ಟು ಮುಂದೆ ಹೋದನೆ ಈ ಮನುಷ್ಯ?

“ಅವರ ಕಡೆ ನೋಡಬೇಡ. ಯಾರಿಗೂ ಹೆದರಬೇಡ,” ಎಂದರು ಸುನಂದಾ. “ನೀನು ಸುಮ್ಮನಿದ್ದರೆ ಇವರ ಕೆಲಸ ಇವತ್ತೇ ಹೋಗುತ್ತೆ, ನಿನಗೆ ನ್ಯಾಯ ಸಿಗುತ್ತೆ. ಅಷ್ಟು ಸಾಕಾ, ಇಲ್ಲ ಏನಾದರೂ ಹೇಳೋದಿದೆಯಾ?”

ತಿಮ್ಮರಾಜು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟ.

“ಮರದಿಂದ ಜಾರಿ ಬಿದ್ದೆ ಕಣವ್ವ! ಕೆಳಗಿದ್ದ ಈ ಪುಣ್ಯಾತ್ಮ ಕೈ ಚಾಚಿ ಹಿಡ್ಕೊಂಡಿಲ್ದಿದ್ರೆ ಅವತ್ತೇ ಹೆಣ ಆಗೋಯ್ತಿದ್ದೆ. ಯಾರಿಗೂ ಹೇಳ್ಬೇಡಿ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ. ಈ ಸೀಮೇಲಿ ಕಳ್ಳನ್ನಾದ್ರೂ ಕಾಯಿ ಕೀಳಾಕೆ ಕರೆದಾರು, ಮರದಿಂದ ಬಿದ್ದೋನ್ನ ಯಾರವ್ವ ಕರೀತಾರೆ?”